ಲೇಸ್ ಶಾಲಿನಲ್ಲಿ ತಪ್ಪು ಕಂಡಾಗ: ಕಡ್ಡಿ ಎಳೆಯುವ ಮೊದಲು

ಸಾಲಿನ ಕೊನೆಗೆ ಬಂದು ಎಣಿಸಿದಾಗ 96 ಇರಬೇಕಾದ ಕುಣಿಕೆಗಳು 95 ಮಾತ್ರ ಇವೆ. ಆಗ ಹೆಚ್ಚಿನವರು ಕಡ್ಡಿ ಎಳೆದು ಬಿಚ್ಚತೊಡಗುತ್ತಾರೆ. ಉಳಿದವರು ಅಂಚಿನಲ್ಲಿ ಎಲ್ಲೋ ಒಂದು ಕುಣಿಕೆ ಹೆಚ್ಚಿಸಿಕೊಂಡು ಮುಂದೆ ಹೋಗುತ್ತಾರೆ. ಕೆಲವು ಸಂದರ್ಭಗಳಲ್ಲಿ ಇವೆರಡೂ ಸರಿಯಾದ ಮಾರ್ಗಗಳೇ. ಆದರೆ ತಪ್ಪು ಎಲ್ಲಿದೆ, ಅದು ಯಾವ ಬಗೆಯದು ಎಂಬುದನ್ನು ತಿಳಿಯದೆ ಕೈ ಹಾಕಿದರೆ ಒಂದು ಕುಣಿಕೆಯ ತಪ್ಪು ನೂರು ಕುಣಿಕೆಗಳ ತೊಂದರೆಯಾಗುತ್ತದೆ, ಏಕೆಂದರೆ ಲೇಸ್ ಹೆಣಿಗೆಯಲ್ಲಿ ಲೆಕ್ಕ ತಪ್ಪಿದ್ದು ಗೊತ್ತಾಗುವ ಸಾಲು ಮತ್ತು ತಪ್ಪು ನಡೆದ ಸಾಲು ಬಹಳ ಸಲ ಬೇರೆ ಬೇರೆಯಾಗಿರುತ್ತವೆ. ಆದ್ದರಿಂದ ಮೊದಲ ಕೆಲಸ ಹೆಣಿಗೆಯನ್ನು ಕೆಳಗಿಟ್ಟು ಅದನ್ನು ಓದುವುದು.

ಈ ಮಾರ್ಗದರ್ಶಿಯು ನಿಟ್ ಮತ್ತು ಪರ್ಲ್ ಎಂಬ ಎರಡು ಮೂಲ ಹೆಣಿಗೆಗಳನ್ನು ಬಲ್ಲವರಿಗಾಗಿ, ವಿನ್ಯಾಸವನ್ನು ಚೌಕಗಳಲ್ಲಿ ತೋರಿಸುವ ಚಾರ್ಟ್ ನೋಡಿ ಹೆಣೆಯುವ ಅಭ್ಯಾಸ ಸ್ವಲ್ಪವಾದರೂ ಇರುವವರಿಗಾಗಿ ಬರೆದದ್ದು. ಕೈಯಳತೆಯಲ್ಲಿ ಇರಬೇಕಾದ ಸಾಮಾನುಗಳು ಹೆಚ್ಚೇನಿಲ್ಲ: 1.5 ಅಥವಾ 2 ಮಿಲಿಮೀಟರಿನ ಕ್ರೋಶಾ ಕಡ್ಡಿ, ನಿಮ್ಮ ಹೆಣಿಗೆ ಕಡ್ಡಿಗಿಂತ ಒಂದೆರಡು ಅಳತೆ ಸಣ್ಣದಾದ, ಎರಡೂ ತುದಿ ಚೂಪಾಗಿರುವ ಎರಡು ಕಡ್ಡಿಗಳು, ಮೊಂಡು ತುದಿಯ ಸೂಜಿ, ನಯವಾದ ತೆಳು ಹತ್ತಿ ದಾರ, ಕೆಲವು ಸೇಫ್ಟಿ ಪಿನ್ನುಗಳು, ಗುಂಡುಪಿನ್ನುಗಳು, ಒಂದು ತುಂಡು ಥರ್ಮೋಕೋಲ್ ಹಲಗೆ. ಬೆಳಕು ಚೆನ್ನಾಗಿರಲಿ. ಕಪ್ಪು ಅಥವಾ ಕಡುನೀಲಿ ನೂಲಿನ ತಪ್ಪನ್ನು ರಾತ್ರಿ ವಿದ್ಯುದ್ದೀಪದಲ್ಲಿ ಸರಿಪಡಿಸಲು ಹೋಗಬೇಡಿ; ಬೆಳಗಾಗುವವರೆಗೆ ಅದು ಹಾಗೆಯೇ ಇರುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ. ಹಗಲಿನಲ್ಲಿ ತೊಡೆಯ ಮೇಲೆ ಬಿಳಿಯ ಬಟ್ಟೆ ಹಾಸಿಕೊಂಡು ನೋಡಿದರೆ ಪ್ರತಿಯೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ.

ಲೇಸಿನ ಲೆಕ್ಕ

ಲೇಸ್ ಎಷ್ಟೇ ಜಟಿಲವಾಗಿ ಕಂಡರೂ ಅದರ ಒಳಗಿನ ಕಟ್ಟು ಸರಳ. ಕಡ್ಡಿಗೆ ನೂಲನ್ನು ಒಂದು ಸುತ್ತು ತಂದರೆ, ಅಂದರೆ ಯಾರ್ನ್ ಓವರ್ ಮಾಡಿದರೆ, ಒಂದು ಕಿಂಡಿ ಮೂಡುತ್ತದೆ ಮತ್ತು ಒಂದು ಕುಣಿಕೆ ಹೆಚ್ಚುತ್ತದೆ. ಎರಡು ಕುಣಿಕೆಗಳನ್ನು ಕೂಡಿಸಿ ಹೆಣೆದರೆ, ಅಂದರೆ ಡಿಕ್ರೀಸ್ ಮಾಡಿದರೆ, ಒಂದು ಕುಣಿಕೆ ಕಡಿಮೆಯಾಗುತ್ತದೆ. ಹೆಚ್ಚಿದ್ದನ್ನೂ ಕಳೆದದ್ದನ್ನೂ ಸರಿದೂಗಿಸುವುದೇ ಲೇಸ್. ಆದರೆ ಈ ಜೋಡಿ ಯಾವಾಗಲೂ ಪಕ್ಕಪಕ್ಕದಲ್ಲೇ ಇರುವುದಿಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ‘ಓಲ್ಡ್ ಶೇಲ್’ ಎಂಬ ಅಲೆಯ ವಿನ್ಯಾಸವನ್ನೇ ನೋಡಿ. 18 ಕುಣಿಕೆಗಳ ಒಂದು ಆವರ್ತನದಲ್ಲಿ ಮೊದಲು ಮೂರು ಸಲ ಎರಡೆರಡು ಕೂಡಿಸಿ ಹೆಣೆಯುತ್ತೇವೆ, ಆಮೇಲೆ ಆರು ಸಲ ಒಂದು ಯಾರ್ನ್ ಓವರ್ ಮತ್ತು ಒಂದು ನಿಟ್, ಕೊನೆಗೆ ಮತ್ತೆ ಮೂರು ಸಲ ಎರಡೆರಡು ಕೂಡಿಕೆ. ಆರು ಕಳೆದು ಆರು ಕೂಡಿಸಿದ್ದರಿಂದ ಸಂಖ್ಯೆ ಮತ್ತೆ 18. ಇಂಥ ಐದು ಆವರ್ತನಗಳು, ಎರಡೂ ಅಂಚಿಗೆ ಮೂರು ಮೂರು ಕುಣಿಕೆಗಳು ಸೇರಿದರೆ ಮೇಲೆ ಹೇಳಿದ 96.

ಈಗ 95 ಬಂದಿದೆ ಎಂದರೆ ಇಡೀ ಸಾಲನ್ನು ಅನುಮಾನಿಸಬೇಕಾಗಿಲ್ಲ. ಪ್ರತಿ ಆವರ್ತನದ ನಡುವೆ ಮಾರ್ಕರ್, ಅಂದರೆ ಕಡ್ಡಿಗೆ ಹಾಕುವ ಗುರುತಿನ ಉಂಗುರ, ಇದ್ದರೆ ಯಾವ ಭಾಗದಲ್ಲಿ 17 ಇದೆ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಆ ಭಾಗದಲ್ಲಿ ಕಿಂಡಿಗಳನ್ನು ಎಣಿಸಿ. ಐದೇ ಇದ್ದರೆ ಯಾರ್ನ್ ಓವರ್ ಮರೆತಿದೆ. ಆರೂ ಇದ್ದರೆ ಎಲ್ಲೋ ಮೂರು ಕುಣಿಕೆಗಳು ಒಟ್ಟಿಗೆ ಸೇರಿವೆ, ಇಲ್ಲವೇ ಒಂದು ಕುಣಿಕೆ ಜಾರಿ ಕೆಳಗೆ ಹೋಗಿದೆ. ಜಾರಿದ್ದರೆ ಮೊದಲು ಅದಕ್ಕೊಂದು ಸೇಫ್ಟಿ ಪಿನ್ ಹಾಕಿ ಹಿಡಿದಿಡಿ, ಉಳಿದ ಯೋಚನೆ ಆಮೇಲೆ.

ಎಣಿಸುವಾಗ ಎರಡು ವಿಷಯ ಗಮನದಲ್ಲಿರಲಿ. ಕೆಲವು ವಿನ್ಯಾಸಗಳಲ್ಲಿ ಕುಣಿಕೆಗಳ ಸಂಖ್ಯೆ ಸಾಲಿನಿಂದ ಸಾಲಿಗೆ ಉದ್ದೇಶಪೂರ್ವಕವಾಗಿಯೇ ಬದಲಾಗುತ್ತದೆ. ಚಾರ್ಟಿನಲ್ಲಿ ಬೂದುಬಣ್ಣದ ಖಾಲಿ ಚೌಕಗಳಿದ್ದರೆ ಅದರ ಅರ್ಥ ಅಲ್ಲಿ ಕುಣಿಕೆಯೇ ಇಲ್ಲ ಎಂದು. ಅಂಥ ಸಾಲಿನಲ್ಲಿ ಮೊದಲಿನ ಸಂಖ್ಯೆಯನ್ನು ಹುಡುಕುವುದು ವ್ಯರ್ಥ. ಎರಡನೆಯದು, ಮೂರು ಕುಣಿಕೆಗಳನ್ನು ಒಂದಾಗಿಸುವ ಡಿಕ್ರೀಸ್ ಆವರ್ತನದ ಗಡಿಯ ಮೇಲೆಯೇ ಬಂದರೆ ಮಾರ್ಕರನ್ನು ಒಂದು ಕುಣಿಕೆ ಆಚೀಚೆ ಸರಿಸಬೇಕಾಗುತ್ತದೆ. ಸರಿಸಲು ಮರೆತರೆ ಒಂದು ಭಾಗದಲ್ಲಿ ಒಂದು ಹೆಚ್ಚು, ಪಕ್ಕದ ಭಾಗದಲ್ಲಿ ಒಂದು ಕಡಿಮೆ ಎಂದು ಕಾಣುತ್ತದೆ. ಹೆಣಿಗೆ ಸರಿಯಾಗಿಯೇ ಇರುತ್ತದೆ, ತಪ್ಪಿದ್ದು ಮಾರ್ಕರ್ ಮಾತ್ರ. ನನ್ನ ಅನುಭವದಲ್ಲಿ ಅನಗತ್ಯವಾಗಿ ಬಿಚ್ಚಿದ ಸಾಲುಗಳಲ್ಲಿ ದೊಡ್ಡ ಪಾಲು ಇದರಿಂದಲೇ ಆದದ್ದು.

ಲೆಕ್ಕ ಸರಿಯಿದ್ದೂ ವಿನ್ಯಾಸ ತಪ್ಪಿರಬಹುದು. ಒಂದು ಯಾರ್ನ್ ಓವರ್ ಒಂದು ಕುಣಿಕೆ ಮೊದಲೇ ಬಂದಿರಬಹುದು, ಎಡಕ್ಕೆ ವಾಲಬೇಕಾದ ಡಿಕ್ರೀಸ್ ಬಲಕ್ಕೆ ವಾಲಿರಬಹುದು. ಇದು ಎಣಿಕೆಯಲ್ಲಿ ಸಿಗುವುದಿಲ್ಲ, ಕಣ್ಣಿಗೇ ಸಿಗಬೇಕು. ಅದಕ್ಕಾಗಿ ಚಾರ್ಟಿನ ಮೇಲೆ ಅಂಟುಚೀಟಿ ಇಡುವಾಗ ನೀವು ಹೆಣೆಯುತ್ತಿರುವ ಸಾಲಿನ ಮೇಲ್ಭಾಗವನ್ನು ಮುಚ್ಚಿ, ಕೆಳಭಾಗವನ್ನಲ್ಲ. ಮುಗಿದ ಸಾಲುಗಳು ಕಣ್ಣಮುಂದಿದ್ದರೆ ಈ ಡಿಕ್ರೀಸ್ ಕೆಳಗಿನ ಯಾವುದರ ನೆತ್ತಿಯ ಮೇಲೆ ಕೂರಬೇಕು ಎಂಬುದು ಪ್ರತಿ ಹೆಜ್ಜೆಯಲ್ಲೂ ಕಾಣುತ್ತಿರುತ್ತದೆ.

ಬಿಡಬೇಕೋ, ಸರಿಪಡಿಸಬೇಕೋ

ತಪ್ಪು ಸಿಕ್ಕಿದ ಮೇಲೆ ಹೆಣಿಗೆಯನ್ನು ಗೋಡೆಗೆ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ತ್ರಿಕೋನ ಶಾಲಿನ ನಡುಬೆನ್ನಿನ ಗೆರೆ ಮುರಿದಿದ್ದರೆ ಅಥವಾ ವಜ್ರಾಕೃತಿಯ ಒಂದು ಬದಿ ಸೊಟ್ಟಗಾಗಿದ್ದರೆ ಅದು ಬ್ಲಾಕಿಂಗ್ ಮಾಡಿದ ಮೇಲೆ, ಅಂದರೆ ಒದ್ದೆ ಮಾಡಿ ಎಳೆದು ಪಿನ್ ಚುಚ್ಚಿ ಒಣಗಿಸಿದ ಮೇಲೆ, ಇನ್ನಷ್ಟು ಎದ್ದು ಕಾಣುತ್ತದೆ, ಏಕೆಂದರೆ ಕಣ್ಣು ಉದ್ದ ಗೆರೆಗಳನ್ನು ಹಿಂಬಾಲಿಸುತ್ತದೆ. ಓಲ್ಡ್ ಶೇಲ್‌ನಂಥ ಅಲೆಗಳಲ್ಲಿ ಒಂದು ಕಿಂಡಿ ಕಡಿಮೆಯಾದರೆ ಕುಣಿಕೆಯೊಂದನ್ನು ಅಲ್ಲಿಯೇ ಹೆಚ್ಚಿಸಿಕೊಂಡು ಮುಂದುವರಿಯುವುದರಲ್ಲಿ ಯಾವ ಅಪ್ರಾಮಾಣಿಕತೆಯೂ ಇಲ್ಲ. ಆದರೆ ಹೆಚ್ಚಿಸುವುದು ತಪ್ಪಾದ ಆವರ್ತನದೊಳಗೇ ಆಗಬೇಕು. ಸಾಲಿನ ಅಂಚಿನಲ್ಲಿ ಹೆಚ್ಚಿಸಿದರೆ ನಡುವಿನ ಆವರ್ತನಗಳೆಲ್ಲ ಒಂದೊಂದು ಕುಣಿಕೆ ಸರಿದುಹೋಗುತ್ತವೆ.

ನೂಲಿನ ಸ್ವಭಾವವೂ ಈ ತೀರ್ಮಾನದಲ್ಲಿ ಸೇರುತ್ತದೆ. ಉಣ್ಣೆ ಹಿಗ್ಗುತ್ತದೆ, ಕುಗ್ಗುತ್ತದೆ, ಒದ್ದೆ ಮಾಡಿ ಎಳೆದು ಒಣಗಿಸಿದಾಗ ಅಕ್ಕಪಕ್ಕದ ಕುಣಿಕೆಗಳೊಂದಿಗೆ ನೂಲನ್ನು ಹಂಚಿಕೊಳ್ಳುತ್ತದೆ. ನಮ್ಮ ಹವೆಗೆ ಒಗ್ಗುವುದೆಂದು ನಾವು ಹೆಚ್ಚಾಗಿ ಬಳಸುವ ಹತ್ತಿ ನೂಲಿಗೆ ಆ ಗುಣವಿಲ್ಲ. ಹತ್ತಿಯಲ್ಲಿ ಬಿಗಿಯಾದ ಒಂದು ಕುಣಿಕೆ ಕೊನೆಯವರೆಗೂ ಬಿಗಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಉಣ್ಣೆಯಲ್ಲಿ ನಾಲ್ಕು ಸಾಲು ಕೆಳಗಿನ ತಪ್ಪನ್ನು ಎಳೆಗಳಿಂದ ಕಟ್ಟಿಕೊಳ್ಳಬಹುದಾದರೂ ಹತ್ತಿಯಲ್ಲಿ ಆ ಸಾಲಿನವರೆಗೆ ಬಿಚ್ಚುವುದೇ ಮೇಲು.

ಮರೆತ ಯಾರ್ನ್ ಓವರ್

ಅತಿ ಸಾಮಾನ್ಯವಾದ ತಪ್ಪು ಇದು, ಸರಿಪಡಿಸಲು ಅತಿ ಸುಲಭವಾದದ್ದೂ ಹೌದು. ಮರಳಿ ಬರುವ ಪರ್ಲ್ ಸಾಲಿನಲ್ಲಿ ಗೊತ್ತಾದರೆ, ಕಿಂಡಿ ಇರಬೇಕಾದ ಜಾಗಕ್ಕೆ ಬಂದು ನಿಲ್ಲಿ. ಎರಡು ಕುಣಿಕೆಗಳ ನಡುವೆ ಅಡ್ಡವಾಗಿ ಹಾದುಹೋದ ನೂಲನ್ನು ಎಡಗಡ್ಡಿಯ ತುದಿಯಿಂದ ಮುಂದಿನಿಂದ ಹಿಂದಕ್ಕೆ ಎತ್ತಿ ಕಡ್ಡಿಯ ಮೇಲೆ ಕೂರಿಸಿ, ಅದನ್ನು ಎಂದಿನಂತೆ ಪರ್ಲ್ ಮಾಡಿ. ಕುಣಿಕೆಯ ಹಿಂಗಾಲಿಗೆ, ಅಂದರೆ ಕಡ್ಡಿಯ ಹಿಂದಿರುವ ಎಳೆಗೆ, ಕಡ್ಡಿ ಹಾಕಿ ಹೆಣೆದರೆ ಕುಣಿಕೆ ತಿರುಚಿಕೊಂಡು ಕಿಂಡಿ ಮುಚ್ಚಿಹೋಗುತ್ತದೆ. ಬರಿಯ ಕುಣಿಕೆ ಮಾತ್ರ ಸಾಕು, ಕಿಂಡಿ ಬೇಡ ಎನ್ನುವಾಗ ಬೇಕಾಗುವುದು ಆ ತಿರುಚು. ಇಲ್ಲಿ ಅದು ಬೇಡ.

ಎರಡು ಮೂರು ಸಾಲು ಮೇಲೆ ಬಂದ ಮೇಲೆ ಗೊತ್ತಾದರೆ ಕ್ರೋಶಾ ಕಡ್ಡಿ ಬೇಕು. ಕಿಂಡಿ ಇರಬೇಕಾದ ಕಂಬದಲ್ಲಿ ಕುಣಿಕೆಗಳ ನಡುವಿನ ಅಡ್ಡ ಎಳೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಇರುತ್ತವೆ. ತಪ್ಪಾದ ಸಾಲಿನ ಅಡ್ಡ ಎಳೆಯನ್ನು ಕ್ರೋಶಾ ಕಡ್ಡಿಗೆ ತೆಗೆದುಕೊಳ್ಳಿ, ಅದೇ ನಿಮ್ಮ ಯಾರ್ನ್ ಓವರ್. ಅದರೊಳಗಿಂದ ಮೇಲಿನ ಸಾಲಿನ ಎಳೆಯನ್ನು ಎಳೆಯಿರಿ, ಅದರೊಳಗಿಂದ ಅದರ ಮೇಲಿನದನ್ನು, ಹೀಗೆ ಕಡ್ಡಿಯವರೆಗೆ ಬನ್ನಿ. ಈ ಹೊಸ ಕುಣಿಕೆಗಳಿಗೆ ತಮ್ಮದೇ ನೂಲಿಲ್ಲದೆ ನೆರೆಹೊರೆಯಿಂದ ಎರವಲು ಪಡೆಯುವುದರಿಂದ ಅವು ಬಿಗಿಯಾಗಿರುತ್ತವೆ. ಅಕ್ಕಪಕ್ಕದ ನಾಲ್ಕೈದು ಕುಣಿಕೆಗಳಿಂದ ಸೂಜಿಯ ತುದಿಯಲ್ಲಿ ಸ್ವಲ್ಪ ಸ್ವಲ್ಪ ನೂಲನ್ನು ಇತ್ತ ಸರಿಸಿ.

ಹೆಚ್ಚಾಗಿ ಬಂದ ಯಾರ್ನ್ ಓವರ್ ಇದರ ತಿರುವುಮುರುವು. ಅದರ ಮೇಲಿನ ಕುಣಿಕೆಯನ್ನು ಕಡ್ಡಿಯಿಂದ ಇಳಿಸಿ ಕೆಳಗೆ ಜಾರಲು ಬಿಟ್ಟರೆ ಅದು ಯಾರ್ನ್ ಓವರ್‌ವರೆಗೆ ಬಿಚ್ಚಿಕೊಂಡು ತಾನಾಗಿ ನಿಲ್ಲುತ್ತದೆ, ಏಕೆಂದರೆ ಅದರ ಕೆಳಗೆ ಬಿಚ್ಚಲು ಏನೂ ಇಲ್ಲ. ಉಳಿದ ಸಡಿಲವನ್ನು ಎರಡೂ ಬದಿಗೆ ಹಂಚಿ.

ವಾಲುವಿಕೆ ತಪ್ಪಿದ ಡಿಕ್ರೀಸ್

ಡಿಕ್ರೀಸ್ ಮಾಡಿದ ಕುಣಿಕೆಯ ನೇರ ಮೇಲಿನ ಕಂಬವನ್ನು ಮಾತ್ರ ಕಡ್ಡಿಯಿಂದ ಇಳಿಸಿ, ಡಿಕ್ರೀಸ್‌ವರೆಗೆ ಬಿಚ್ಚಿ. ಅಲ್ಲಿ ಎರಡು ಕುಣಿಕೆಗಳು ಬಿಡಿಯಾಗುತ್ತವೆ. ಹೆಣಿಗೆಯ ಮುಂಬದಿಯಿಂದ ನೋಡುವಾಗ ಬಲಕ್ಕೆ ವಾಲಬೇಕಾದರೆ ಎಡಗಡೆಯ ಕುಣಿಕೆ ಮೇಲೆ ಕಾಣಬೇಕು, ಎಡಕ್ಕೆ ವಾಲಬೇಕಾದರೆ ಬಲಗಡೆಯದು ಮೇಲೆ ಕಾಣಬೇಕು. ಮೇಲೆ ಕಾಣಬೇಕಾದ ಕುಣಿಕೆಗೆ ಕ್ರೋಶಾ ಕಡ್ಡಿಯನ್ನು ಮೊದಲು ತೂರಿಸಿ, ಆಮೇಲೆ ಇನ್ನೊಂದಕ್ಕೆ, ನಂತರ ಆ ಸಾಲಿನ ಅಡ್ಡ ಎಳೆಯನ್ನು ಹಿಡಿದು ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಉಳಿದ ಎಳೆಗಳನ್ನು ಒಂದೊಂದಾಗಿ ಏರಿಸಿಕೊಂಡು ಕಡ್ಡಿಗೆ ಮರಳಿ. ಇಪ್ಪತ್ತು ಸಾಲು ಕೆಳಗಿನದನ್ನೂ ಹೀಗೆ ಸರಿಪಡಿಸಬಹುದು, ಆದರೆ ಆ ಕಂಬದ ದಾರಿಯಲ್ಲಿ ಬೇರೆ ಡಿಕ್ರೀಸ್ ಅಥವಾ ಯಾರ್ನ್ ಓವರ್ ಇಲ್ಲದಿದ್ದರೆ ಮಾತ್ರ. ಇದ್ದರೆ ಮುಂದಿನ ವಿಧಾನವೇ ದಾರಿ.

ಒಂದು ಭಾಗವನ್ನಷ್ಟೇ ಬಿಚ್ಚಿ ಮತ್ತೆ ಹೆಣೆಯುವುದು

300 ಕುಣಿಕೆಗಳ ಸಾಲಿನಲ್ಲಿ ಒಂದು ಎಲೆ ಮಾತ್ರ ಕೆಟ್ಟಿದೆ, ಅದೂ ಎಂಟು ಸಾಲು ಕೆಳಗೆ. ಎಂಟು ಸಾಲು ಬಿಚ್ಚುವುದೆಂದರೆ 2,400 ಕುಣಿಕೆಗಳು. ಎಲೆಯ ಅಗಲವನ್ನಷ್ಟೇ ಬಿಚ್ಚಿದರೆ ನೂರೈವತ್ತರ ಒಳಗೇ ಮುಗಿಯುತ್ತದೆ. ಇದಕ್ಕೆ ಧೈರ್ಯಕ್ಕಿಂತ ಹೆಚ್ಚಾಗಿ ಬೇಕಾದದ್ದು ಒಂದು ಮೇಜು ಮತ್ತು ಯಾರೂ ಕರೆಯದ ಒಂದು ಗಂಟೆ.

1. ಚಾರ್ಟಿನಲ್ಲಿ ಗಡಿ ಗುರುತಿಸಿ. ತಪ್ಪಿನ ಎಡಕ್ಕೂ ಬಲಕ್ಕೂ ನೇರವಾಗಿ ಏರಿರುವ, ಆ ಎಂಟು ಸಾಲುಗಳಲ್ಲಿ ಯಾವ ಡಿಕ್ರೀಸ್‌ಗೂ ಸಿಕ್ಕದ ಕುಣಿಕೆಯ ಕಂಬವನ್ನು ಹುಡುಕಿ. ಆ ಎರಡು ಕಂಬಗಳ ನಡುವಿನದಷ್ಟೇ ಬಿಚ್ಚಬೇಕು. ಡಿಕ್ರೀಸ್ ಒಂದು ಗಡಿಯನ್ನು ದಾಟಿದ್ದರೆ ಗಡಿಯನ್ನೇ ಅಗಲಿಸಿ.

2. ತಪ್ಪಾದ ಸಾಲಿನ ಕೆಳಗಿನ ಸಾದಾ ಪರ್ಲ್ ಸಾಲಿನಲ್ಲಿ, ಎರಡು ಗಡಿಗಳ ನಡುವೆ, ಹತ್ತಿ ದಾರವನ್ನು ಸೂಜಿಯಿಂದ ಪ್ರತಿ ಕುಣಿಕೆಯ ಮೂಲಕ ಹಾಯಿಸಿ. ಬಿಚ್ಚಿಕೆ ಇಲ್ಲಿಯೇ ನಿಲ್ಲುತ್ತದೆ.

3. ಗಡಿಯ ಹೊರಗಿನ ಕುಣಿಕೆಗಳು ಜಾರದಂತೆ ಅವನ್ನು ಕಡ್ಡಿಯ ಮೇಲೆ ಭದ್ರಪಡಿಸಿ. ಒಳಗಿನವನ್ನು ಇಳಿಸಿ, ಒಂದೊಂದು ಸಾಲಾಗಿ ಬಿಚ್ಚಿ. ಪ್ರತಿ ಸಾಲು ಬಿಚ್ಚಿದಾಗ ಒಂದು ಉದ್ದ ಅಡ್ಡ ಎಳೆ ಉಳಿಯುತ್ತದೆ. ಅದನ್ನು ಥರ್ಮೋಕೋಲ್ ಹಲಗೆಯ ಮೇಲೆ ಮೇಲಕ್ಕೆ ಎತ್ತಿ ಪಿನ್ ಚುಚ್ಚಿ, ಪಕ್ಕದಲ್ಲಿ ಸಾಲಿನ ಸಂಖ್ಯೆ ಬರೆಯಿರಿ. ಎಳೆಗಳ ಕ್ರಮ ಅದಲುಬದಲಾದರೆ ಮುಂದಿನ ಕೆಲಸವೆಲ್ಲ ಕೆಡುತ್ತದೆ, ಈ ಹಂತದಲ್ಲಿ ಅವಸರ ಬೇಡ.

4. ದಾರದ ಮೇಲಿನ ಕುಣಿಕೆಗಳನ್ನು ಎರಡು ತುದಿಯ ಸಣ್ಣ ಕಡ್ಡಿಗೆ ತೆಗೆದುಕೊಂಡು, ಎಣಿಸಿ ಚಾರ್ಟಿಗೆ ತಾಳೆ ನೋಡಿ.

5. ಅತ್ಯಂತ ಕೆಳಗಿನ ಎಳೆಯಿಂದ, ಬಲಗಡಿಯ ಪಕ್ಕದಿಂದ ಆರಂಭಿಸಿ ಚಾರ್ಟಿನಂತೆ ಹೆಣೆಯಿರಿ. ಸಾಲು ಮುಗಿದ ಮೇಲೆ ಹೆಣಿಗೆಯನ್ನು ತಿರುಗಿಸಬೇಡಿ. ಕುಣಿಕೆಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ಮುಂದಿನ ಎಳೆಯನ್ನೂ ಮುಂಬದಿಯಿಂದಲೇ ಹೆಣೆಯಿರಿ. ಒಳಬದಿಯಲ್ಲಿ ಪರ್ಲ್ ಮಾಡುವ ವಿನ್ಯಾಸವಾಗಿದ್ದರೆ ಆ ಸಾಲು ಮುಂಬದಿಯಿಂದ ನಿಟ್ ಆಗುತ್ತದೆ. ಎರಡೂ ಬದಿ ನಿಟ್ ಮಾಡುವ ವಿನ್ಯಾಸವಾಗಿದ್ದರೆ ಪರ್ಲ್ ಆಗುತ್ತದೆ.

6. ಸಾಲಿನ ಕೊನೆಗೆ ಎಳೆ ಸಾಲದೆ ಬಂದರೆ ಅಥವಾ ಸಡಿಲ ಉಳಿದರೆ ಅಲ್ಲಿಯೇ ಎಳೆದು ಗಂಟುಕಟ್ಟದೆ ಬಿಟ್ಟುಬಿಡಿ. ಎಂಟೂ ಸಾಲು ಮುಗಿದು ಕುಣಿಕೆಗಳು ಮೂಲ ಕಡ್ಡಿಗೆ ಮರಳಿದ ಮೇಲೆ ಸೂಜಿಯ ತುದಿಯಿಂದ ಸಡಿಲವನ್ನು ಎರಡೂ ಗಡಿಯ ಆಚೆಗೆ ಹಂಚಿ.

ಮೊದಲ ಸಲ ಇದನ್ನು ನಿಜವಾದ ಶಾಲಿನ ಮೇಲೆ ಮಾಡಬೇಡಿ. ದಪ್ಪ ಉಣ್ಣೆಯಲ್ಲಿ ಅಂಗೈಯಗಲದ ಒಂದು ಮಾದರಿ ತುಂಡು ಹೆಣೆದು, ಬೇಕೆಂದೇ ತಪ್ಪು ಮಾಡಿ, ಬಿಚ್ಚಿ ಕಟ್ಟಿ ನೋಡಿ. ನಾನು ಹಾಗೆ ಮಾಡದೆ ತ್ರಿಕೋನ ಶಾಲಿನ ನಡುಬೆನ್ನಿನ ಮೇಲೆಯೇ ನೇರವಾಗಿ ಪ್ರಯೋಗಿಸಿ, ಪಿನ್ ಚುಚ್ಚದ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು, ಹದಿನಾಲ್ಕು ಸಾಲುಗಳನ್ನು ಪೂರ್ತಿ ಕಳೆದುಕೊಂಡೆ. ಆಗ ಹಲಗೆಯೂ ಪಿನ್ನುಗಳೂ ಕೈಯಳತೆಯಲ್ಲೇ ಇದ್ದವು, ನಾನು ಅವನ್ನು ಬಳಸಲಿಲ್ಲ ಅಷ್ಟೆ.

ಇಡೀ ಸಾಲುಗಳನ್ನು ಬಿಚ್ಚಬೇಕಾದಾಗ

ಒಂದೆರಡು ಸಾಲಾದರೆ ಒಂದೊಂದೇ ಕುಣಿಕೆಯನ್ನು ಹಿಂದಕ್ಕೆ ಬಿಚ್ಚುತ್ತಾ ಹೋಗುವುದು ಸುರಕ್ಷಿತ. ಎಡಗಡ್ಡಿಯನ್ನು ಬಲಗಡ್ಡಿಯ ಕುಣಿಕೆಯ ಕೆಳಗಿನ ಕುಣಿಕೆಗೆ ತೂರಿಸಿ, ಮೇಲಿನದನ್ನು ಇಳಿಸಿ ನೂಲೆಳೆಯಿರಿ. ಡಿಕ್ರೀಸ್ ಬಂದಲ್ಲಿ ಎರಡು ಕುಣಿಕೆಗಳು ಮರಳಿ ಬರಬೇಕು, ಯಾರ್ನ್ ಓವರ್ ಬಂದಲ್ಲಿ ಏನೂ ಬರಬಾರದು. ಇದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಿಚ್ಚಿದರೆ ಕುಣಿಕೆ ತಪ್ಪುವುದಿಲ್ಲ.

ಹೆಚ್ಚು ಸಾಲುಗಳಾದರೆ ಲೈಫ್‌ಲೈನ್ ಇಲ್ಲದೆ ಕಡ್ಡಿ ಎಳೆಯಬಾರದು. ಲೈಫ್‌ಲೈನ್ ಎಂದರೆ ಸರಿಯಾಗಿ ಮುಗಿದ ಒಂದು ಸಾಲಿನ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿಟ್ಟ ದಾರ. ಬಿಚ್ಚಿಕೆ ಆ ದಾರವನ್ನು ದಾಟಿ ಕೆಳಗಿಳಿಯಲಾರದು. ದಾರ ನಯವಾಗಿ, ನೂಲಿಗಿಂತ ತೆಳುವಾಗಿ, ಬಣ್ಣ ಬಿಡದಂತಿರಲಿ. ಕೆಂಪು ದಾರದ ಬಣ್ಣ ಬಿಳಿಯ ಶಾಲಿಗೆ ಹತ್ತಿದರೆ ಅದು ಯಾವ ಹೆಣಿಗೆಯ ತಪ್ಪಿಗಿಂತಲೂ ದೊಡ್ಡದು. ಕುಣಿಕೆಗಳ ಮೂಲಕ ಹಾಯಿಸುವಾಗ ಮಾರ್ಕರ್‌ಗಳ ಮೂಲಕ ಹಾಯಿಸಬೇಡಿ, ಹಾಯಿಸಿದರೆ ಅವು ಅಲ್ಲೇ ಸಿಕ್ಕಿಕೊಳ್ಳುತ್ತವೆ. ತುದಿ ಬಿಚ್ಚಿ ಬದಲಿಸುವ ಕಡ್ಡಿಗಳಲ್ಲಿ ಕೇಬಲ್ಲಿನ ತುದಿಯ ಬಳಿ ಬಿಗಿ ಮಾಡಲೆಂದು ಒಂದು ಸಣ್ಣ ತೂತಿರುತ್ತದೆ. ಅದಕ್ಕೆ ದಾರ ಪೋಣಿಸಿಕೊಂಡು ಹೆಣೆದರೆ ಆ ಸಾಲು ಮುಗಿಯುವಷ್ಟರಲ್ಲಿ ಲೈಫ್‌ಲೈನ್ ತಾನಾಗಿ ಹಾಯ್ದಿರುತ್ತದೆ.

ಹಾಕಿರದಿದ್ದರೂ ದಾರಿಯಿದೆ. ತಪ್ಪಿನ ಕೆಳಗಿನ ಸಾದಾ ಪರ್ಲ್ ಸಾಲನ್ನು ಗುರುತಿಸಿ, ಮುಂಬದಿಯಿಂದ ಪ್ರತಿ ಕುಣಿಕೆಯ ಬಲಗಾಲನ್ನು 2 ಮಿಲಿಮೀಟರಿನ ವೃತ್ತಾಕಾರದ ಕಡ್ಡಿಗೆ ಎತ್ತಿಕೊಳ್ಳುತ್ತಾ ಸಾಲು ಮುಗಿಸಿ, ಎಣಿಸಿ, ಸಂಖ್ಯೆ ಸರಿಬಂದ ಮೇಲಷ್ಟೇ ಮೇಲಿನದನ್ನು ಬಿಚ್ಚಿ. ಶೆಟ್ಲೆಂಡಿನ ಕೆಲವು ನವಿರಾದ ಲೇಸ್‌ಗಳಲ್ಲಿ ಎರಡೂ ಬದಿಯ ಸಾಲುಗಳಲ್ಲಿ ವಿನ್ಯಾಸವಿರುತ್ತದೆ. ಸಾದಾ ಸಾಲೇ ಇಲ್ಲದಿರುವುದರಿಂದ ಅಲ್ಲಿ ಈ ಉಪಾಯ ಬಹಳ ಕಷ್ಟ. ಅಂಥವಕ್ಕೆ ಪ್ರತಿ ಆವರ್ತನ ಮುಗಿದಾಗಲೂ ಲೈಫ್‌ಲೈನ್ ಹಾಕಲೇಬೇಕು.

ಅಂಗೋರಾ ಮೇಕೆಯ ರೋಮದಿಂದಾದ ಮೊಹೇರ್ ನೂಲಿನ ಕಥೆಯೇ ಬೇರೆ. ಅದರ ರೋಮಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಜೋರಾಗಿ ಎಳೆದರೆ ಎಳೆ ತುಂಡಾಗುತ್ತದೆ. ಹೆಣಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ಗಂಟೆ ಫ್ರೀಜರಿನಲ್ಲಿಟ್ಟು ಆಮೇಲೆ ಬಿಚ್ಚಿದರೆ ಸ್ವಲ್ಪ ಸುಲಭ ಎಂಬುದು ಹೆಣೆಯುವವರಲ್ಲಿ ಬಳಕೆಯಲ್ಲಿರುವ ಉಪಾಯ. ಸಿಕ್ಕಿಕೊಂಡ ಕಡೆ ಸಣ್ಣ ಕತ್ತರಿಯಿಂದ ರೋಮಗಳನ್ನಷ್ಟೇ ಬಿಡಿಸಿ, ನೂಲನ್ನಲ್ಲ.

ನಪ್ ಬಿಚ್ಚಿಕೊಂಡಾಗ

ಎಸ್ಟೋನಿಯಾದ ಹಾಪ್ಸಾಲು ಪಟ್ಟಣದ ಶಾಲುಗಳಲ್ಲಿ ಮೊಗ್ಗಿನಂತೆ ಉಬ್ಬಿರುವ ನಪ್‌ಗಳಿರುತ್ತವೆ. ಒಂದೇ ಕುಣಿಕೆಯಿಂದ ಐದು ಅಥವಾ ಏಳು ಕುಣಿಕೆಗಳನ್ನು ಸಡಿಲವಾಗಿ ಎಬ್ಬಿಸಿ, ಮರುಸಾಲಿನಲ್ಲಿ ಎಲ್ಲವನ್ನೂ ಒಟ್ಟಿಗೆ ಪರ್ಲ್ ಮಾಡುತ್ತಾರೆ. ಒಟ್ಟಿಗೆ ಹೆಣೆಯುವಾಗ ಒಂದು ಕುಣಿಕೆ ತಪ್ಪಿಸಿಕೊಂಡರೆ ಮೊಗ್ಗಿನ ಪಕ್ಕ ಒಂದು ಎಳೆ ನೇತಾಡುತ್ತದೆ. ಮುಂದಿನ ಸಾಲಿನಲ್ಲೇ ಕಂಡರೆ ಆ ಒಂದು ಕಂಬವನ್ನು ನಪ್‌ವರೆಗೆ ಇಳಿಸಿ, ಎಲ್ಲ ಕುಣಿಕೆಗಳನ್ನೂ ಸಣ್ಣ ಕ್ರೋಶಾ ಕಡ್ಡಿಯಲ್ಲಿ ಸೇರಿಸಿ ಮತ್ತೆ ಎಳೆಯಿರಿ. ಶಾಲು ಮುಗಿದ ಮೇಲೆ ಕಂಡರೆ ಅದೇ ನೂಲಿನ ತುಂಡಿನಿಂದ ಒಳಬದಿಯಲ್ಲಿ ಆ ಎಳೆಯನ್ನು ನಪ್‌ನ ಬುಡಕ್ಕೆ ಹೊಲಿದುಬಿಡಿ. ನಪ್‌ನ ಉಬ್ಬಿನಲ್ಲಿ ಅದು ಅಡಗಿಹೋಗುತ್ತದೆ.

ಮುಗಿದ ಮೇಲೆ ಕಂಡ ತಪ್ಪು

ಜಾರಿದ ಕುಣಿಕೆ ಕೊನೆಯಲ್ಲಿ ಕಂಡರೆ ಅದನ್ನು ಬಿಡುವಂತಿಲ್ಲ, ಬ್ಲಾಕಿಂಗ್ ಮಾಡುವಾಗ ಎಳೆತಕ್ಕೆ ಅದು ಇನ್ನೂ ಕೆಳಗೆ ಓಡುತ್ತದೆ. ಒದ್ದೆ ಮಾಡುವ ಮೊದಲೇ ಕ್ರೋಶಾ ಕಡ್ಡಿಯಿಂದ ಸಾಧ್ಯವಾದಷ್ಟು ಮೇಲಕ್ಕೆ ಏರಿಸಿ, 10 ಸೆಂಟಿಮೀಟರ್ ನೂಲಿನಿಂದ ಒಳಬದಿಯಲ್ಲಿ ಪಕ್ಕದ ಕುಣಿಕೆಗೆ ಕಟ್ಟಿ, ತುದಿಗಳನ್ನು ಕುಣಿಕೆಗಳ ದಾರಿಯಲ್ಲೇ ಹಾಯಿಸಿ ಅಡಗಿಸಿ. ಮರೆತ ಕಿಂಡಿ ಈಗ ಕಂಡರೆ ಬಿಟ್ಟುಬಿಡಿ.

ಆಮೇಲೆ ಶಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ಪಿನ್ ಚುಚ್ಚಿ. ಸರಿಪಡಿಸಿದ ಜಾಗವನ್ನು ಉಳಿದ ಭಾಗಕ್ಕಿಂತ ಹೆಚ್ಚು ಎಳೆಯಬೇಡಿ. ಒದ್ದೆಯಿರುವಾಗಲೇ ಅಲ್ಲಿನ ಬಿಗಿ ಕುಣಿಕೆಗಳಿಗೆ ಸೂಜಿಯ ತುದಿ ಹಾಕಿ ಅತ್ತಿತ್ತ ಅಲುಗಿಸಿದರೆ ನೂಲು ತನ್ನ ಜಾಗ ಹುಡುಕಿಕೊಳ್ಳುತ್ತದೆ. ಪೂರ್ತಿ ಒಣಗುವವರೆಗೆ ಪಿನ್ ತೆಗೆಯಬೇಡಿ. ಮಳೆಗಾಲದ ಮಲೆನಾಡಿನಲ್ಲಾದರೆ ಅದಕ್ಕೆ ಎರಡು ದಿನವೂ ಬೇಕಾಗಬಹುದು.